ಹುಳಿಮಣ್ಣಿಗೆ ಎಷ್ಟು ಸುಣ್ಣ?



ವೀಳ್ಯದೆಲೆಗೆ ಎಷ್ಟು ಸುಣ್ಣ ಹಚ್ಚಬೇಕೆಂಬುದನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಲೆಯ ಎಳೆತನ, ಅಡಿಕೆಯ ಹದ, ತಿನ್ನುವವನ ಅಭ್ಯಾಸ, ಈ ಮೂರನ್ನೂ ಕ್ಷಣದಲ್ಲಿ ತೂಗಿ ತೋರುಬೆರಳಿನ ತುದಿಯೇ ಅದನ್ನು ನಿಶ್ಚಯಿಸುತ್ತದೆ. ಕಡಿಮೆಯಾದರೆ ಬಾಯಿ ಕೆಂಪಾಗದು, ಹೆಚ್ಚಾದರೆ ಬಾಯಿ ಬೇಯುವುದು. ಆದರೆ ಆ ಅಡಿಕೆಯನ್ನು ಬೆಳೆಯುವ ಮಣ್ಣಿಗೆ ಎಷ್ಟು ಸುಣ್ಣ ಬೇಕೆಂದು ಕೇಳಿ ನೋಡಿ. 'ಬುಡಕ್ಕೆ ಎರಡೆರಡು ಹಿಡಿ' ಎನ್ನುವವರು ಕೆಲವರು. 'ಆಚೆಮನೆಯವರು ಹಾಕಿದಷ್ಟು' ಎನ್ನುವವರು ಇನ್ನು ಕೆಲವರು. 'ನಮ್ಮಲ್ಲಿ ಸುಣ್ಣ ಹಾಕುವ ಕ್ರಮ ಇಲ್ಲ' ಎಂದು ಮಾತು ಮುಗಿಸುವವರೇ ಬಹಳ ಮಂದಿ. ಈ ಮೂರು ಉತ್ತರಗಳಲ್ಲಿಯೂ ಮಣ್ಣನ್ನು ಕೇಳಿದ ಗುರುತಿಲ್ಲ. ಇಂದಿನ ನನ್ನ ಮಾತು ಮಣ್ಣನ್ನು ಕೇಳುವುದು ಹೇಗೆ ಎಂಬುದರ ಕುರಿತು.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಮಣ್ಣಿನ ಉಸಾಬರಿ ಏಕೆಂದು ನೀವು ಪ್ರಶ್ನಿಸಬಹುದು. ಮಣ್ಣನ್ನು ಪರೀಕ್ಷಿಸಬೇಕೆಂಬ ಮಾತು ನನಗೆ ಮೊದಲು ಎದುರಾದದ್ದು ಪುಸ್ತಕದಲ್ಲಿಯೇ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮನೆ ಕಟ್ಟುವ ನೆಲದ ಪರೀಕ್ಷೆಯೊಂದಿದೆ. ಒಂದು ಮೊಳದ ಗುಂಡಿ ತೋಡಿ, ತೆಗೆದ ಮಣ್ಣಿನಿಂದಲೇ ಅದನ್ನು ಮತ್ತೆ ತುಂಬಬೇಕು. ಮಣ್ಣು ಮಿಕ್ಕರೆ ನೆಲ ಉತ್ತಮ, ಸಾಲದೆ ಹೋದರೆ ಅಧಮ. ಮಣ್ಣಿನ ಬಣ್ಣ, ವಾಸನೆ, ರುಚಿಗಳನ್ನು ನೋಡುವ ಕ್ರಮವನ್ನೂ ಆತ ಹೇಳುತ್ತಾನೆ. ಕನ್ನಡದಲ್ಲಿಯೂ ಎರಡನೆಯ ಚಾವುಂಡರಾಯನ 'ಲೋಕೋಪಕಾರ', ಸುಮಾರು 1025ರ ಗ್ರಂಥ, ವೃಕ್ಷಾಯುರ್ವೇದದ ವಿಷಯವನ್ನು ಒಳಗೊಂಡಿದೆ. ಮನೆಗೆ ನೆಲ ನೋಡುವ ಸಂಪ್ರದಾಯ ಇಂದಿಗೂ ನಮ್ಮಲ್ಲಿ ತಪ್ಪಿಲ್ಲ. ಬಾವಿಗೆ ನೀರು ನೋಡುವವರನ್ನೂ ಕರೆಯುತ್ತೇವೆ. ಅನ್ನ ಕೊಡುವ ಗದ್ದೆಗೆ, ಹಣ ಕೊಡುವ ತೋಟಕ್ಕೆ ಮಾತ್ರ ಆ ಮರ್ಯಾದೆ ಇನ್ನೂ ಸಂದಂತಿಲ್ಲ. ನಮ್ಮ ದೇಶದಲ್ಲಿ ಸರಕಾರದ ಮಣ್ಣು ಪರೀಕ್ಷಾ ಸೇವೆ ಆರಂಭವಾದದ್ದು 1955-56ರಲ್ಲಿ. ಅಂದಿನಿಂದ ಎರಡು ತಲೆಮಾರು ಕಳೆದಿದೆ.

ನಮ್ಮ ಮಣ್ಣು ಎಂಥದು ಎಂಬುದನ್ನು ಮೊದಲು ನೋಡೋಣ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ಕಂಪೆನಿ ಸರಕಾರದ ಅಪ್ಪಣೆಯಂತೆ ದಕ್ಷಿಣದ ಸೀಮೆಗಳನ್ನು ಸುತ್ತುತ್ತ, 1801ರಲ್ಲಿ ಮಂಗಳೂರಿನಿಂದ ಹೊರಟು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನು ಹಾದು ಕಾರ್ಕಳದ ಕಡೆಗೆ ಹೋದ. ಅದಕ್ಕೆ ಸ್ವಲ್ಪ ಮೊದಲು ಮಲಬಾರಿನ ಅಂಗಾಡಿಪುರದಲ್ಲಿ ಅವನು ಒಂದು ವಿಚಿತ್ರ ಕಲ್ಲನ್ನು ಕಂಡಿದ್ದ. ನೆಲದೊಳಗಿರುವಾಗ ಕೊಡಲಿಗೂ ಸುಲಭವಾಗಿ ಬಗ್ಗುವ, ಹೊರಗೆ ತೆಗೆದು ಗಾಳಿಗೆ ಒಡ್ಡಿದ ಮೇಲೆ ಇಟ್ಟಿಗೆಗಿಂತ ಗಟ್ಟಿಯಾಗುವ ಕಲ್ಲು. ಲ್ಯಾಟಿನಿನಲ್ಲಿ ಇಟ್ಟಿಗೆಗೆ 'ಲೇಟರ್' ಎನ್ನುತ್ತಾರೆ. ಅದರಿಂದ ಅವನು ಮಾಡಿದ ಹೆಸರು 'ಲ್ಯಾಟರೈಟ್'. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದ ಮೂಲಕ ಅದು ಜಗತ್ತಿನ ವಿಜ್ಞಾನಕ್ಕೆ ಸೇರಿತು. ನಾವು ಅದನ್ನು ಮುರಕಲ್ಲು ಎಂದು ಕರೆದು, ಅದರಿಂದಲೇ ಮನೆಯ ಗೋಡೆ ಎಬ್ಬಿಸಿಕೊಂಡು, ಅದರ ಮೇಲೆಯೇ ಬೆಳೆ ತೆಗೆಯುತ್ತ ಬಂದಿದ್ದೇವೆ.

ಈ ಕಲ್ಲು ಹುಟ್ಟಿದ ಬಗೆಯಲ್ಲಿಯೇ ನಮ್ಮ ಮಣ್ಣಿನ ಜಾತಕವಿದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಮಳೆ, ಸಾವಿರಾರು ವರ್ಷ ಈ ನೆಲವನ್ನು ತೊಳೆದಿದೆ. ತೊಳೆದುಹೋದದ್ದು ಯಾವುದು? ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್, ಹಾಗೂ ಮರಳಿನ ಧಾತುವಾದ ಸಿಲಿಕದ ಬಹುಭಾಗ. ಕರಗದೆ ಉಳಿದುಕೊಂಡದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಕಲ್ಲನ್ನು ಗಟ್ಟಿ ಮಾಡಿದ ಗುಣವೇ ಬೆಳೆಯ ಪಾಲಿಗೆ ಬಡತನವಾಗಿದೆ. ಹೊರಗಿನಿಂದ ನೋಡುವವನಿಗೆ ಇಲ್ಲಿಯ ಹಸುರು ಕಣ್ಣು ತುಂಬುತ್ತದೆ. ಆ ಹಸುರೆಲ್ಲ ಮೇಲಿನ ಒಂದು ಗೇಣು ಮಣ್ಣಿನಲ್ಲಿ ಎಲೆ ಕೊಳೆತು ಎಲೆಯಾಗುವ ವ್ಯವಹಾರ. ಆ ವ್ಯವಹಾರ ತಪ್ಪಿದರೆ ಕೆಳಗೆ ಮೂಲಧನವೆಂಬುದು ಇಲ್ಲ.

ಸುಣ್ಣ ತೊಳೆದುಹೋದ ಮಣ್ಣು ಹುಳಿಯಾಗುತ್ತದೆ. ಸಂಸ್ಕೃತದ 'ಆಮ್ಲ'ಕ್ಕೂ ಮೂಲದಲ್ಲಿ ಹುಳಿಯೆಂದೇ ಅರ್ಥ. ಈ ಹುಳಿಯನ್ನು ಅಳೆಯುವ ಪಿ.ಎಚ್. ಎಂಬ ಮಾನಕ್ಕೆ ನಮ್ಮ ಕೃಷಿಗ್ರಂಥಗಳು 'ರಸಸಾರ' ಎಂಬ ಹೆಸರನ್ನು ಬಳಸುತ್ತವೆ. ಪಾರಿಭಾಷಿಕ ಪದಗಳಲ್ಲಿ ಇಷ್ಟು ಚೆಲುವಾದದ್ದು ವಿರಳ. ಈ ಮಾನವನ್ನು 1909ರಲ್ಲಿ ರೂಪಿಸಿದ ಸೊರೆನ್‌ಸೆನ್ ಕೋಪನ್‌ಹೇಗನ್ನಿನಲ್ಲಿ ಬಿಯರು ತಯಾರಿಸುವ ಕಂಪೆನಿಯೊಂದರ ಪ್ರಯೋಗಾಲಯದಲ್ಲಿದ್ದವನು; ಅವನಿಗೆ ಬೇಕಾಗಿದ್ದದ್ದು ಹುಳಿಯ ಲೆಕ್ಕವೇ. ರಸಸಾರ 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅಲ್ಲಿಂದ ಒಂದೊಂದು ಅಂಕೆ ಇಳಿದಂತೆ ಹುಳಿ ಹತ್ತು ಪಾಲು ಏರುತ್ತದೆ. 6ರ ಮಣ್ಣಿಗಿಂತ 5ರ ಮಣ್ಣು ಹತ್ತು ಪಾಲು ಹುಳಿ. 7ಕ್ಕೆ ಹೋಲಿಸಿದರೆ ನೂರು ಪಾಲು. ನಮ್ಮ ಕಡೆಯ ಮಣ್ಣು ಸಾಮಾನ್ಯವಾಗಿ 5ರ ಆಚೀಚೆ ಸುಳಿಯುವಂಥದು. 5.5ರ ಕೆಳಗಿಳಿದ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗತೊಡಗುತ್ತದೆ. 5ರ ಕೆಳಗೆ ಅದು ಬೇರಿನ ತುದಿಯನ್ನು ಮೊಂಡು ಮಾಡುತ್ತದೆ. ರಂಜಕವನ್ನು ಹಾಕಿದರೆ ಕಬ್ಬಿಣ, ಅಲ್ಯೂಮಿನಿಯಂಗಳು ಅದನ್ನು ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಟ್ಟುಕೊಡುವುದಿಲ್ಲ. ಗೊಬ್ಬರ ಮಣ್ಣಿನಲ್ಲಿದೆ, ಗಿಡದ ಬಾಯಿಗೆ ಎಟುಕುವುದಿಲ್ಲ.

ಇಷ್ಟು ಹೇಳಿದ ಮೇಲೆ, ಹಾಗಾದರೆ ಎಲ್ಲರೂ ಸುಣ್ಣ ಹಾಕಿಬಿಡೋಣ ಎಂದು ಯಾರಿಗಾದರೂ ತೋರಿದರೆ, ಅಲ್ಲಿಯೇ ತೊಡಕಿರುವುದು. ನಮ್ಮ ನೆಲ ಒಂದೇ ಅಲ್ಲ. ಬೆಟ್ಟು, ಮಜಲು, ಬಯಲು ಎಂಬ ಮೂರು ಹೆಸರುಗಳನ್ನು ನಮ್ಮ ಹಿರಿಯರು ಸುಮ್ಮನೆ ಇಟ್ಟವರಲ್ಲ. ಮೇಲಿನ ಬೆಟ್ಟಿನಲ್ಲಿ ಮಳೆ ನಂಬಿದ ಏಣೆಲು ಒಂದೇ ಬೆಳೆ. ನಡುವಿನ ಮಜಲಿನಲ್ಲಿ ಸುಗ್ಗಿಯೂ ಸೇರಿ ಎರಡು. ಕೆಳಗಿನ ಬಯಲಿನಲ್ಲಿ ಕೊಳಕೆಯೂ ಸೇರಿ ಮೂರು. ಮದರಾಸು ಕಾಲದ ಕಂದಾಯದವರೂ ಈ ಹೆಸರುಗಳನ್ನು ಒಪ್ಪಿಕೊಂಡಿದ್ದರು. ಮೇಲಿನಿಂದ ತೊಳೆದದ್ದರಲ್ಲಿ ಒಂದಂಶ ಮಜಲಿಗೆ ಇಳಿಯುತ್ತದೆ, ಉಳಿದದ್ದು ಬಯಲಿಗೆ, ಮಿಕ್ಕದ್ದು ತೋಡಿನಿಂದ ಹೊಳೆಗೆ. ಇನ್ನೂರು ಹೆಜ್ಜೆ ಇಳಿಯುವಷ್ಟರಲ್ಲಿ ಮಣ್ಣಿನ ಬಣ್ಣ, ಕಣ, ತೇವ, ಹುಳಿ ಎಲ್ಲವೂ ಬದಲಾಗಿರುತ್ತವೆ.

2015ರ ಫೆಬ್ರವರಿಯಲ್ಲಿ ರಾಜಸ್ಥಾನದ ಸೂರತಗಢದಲ್ಲಿ ಕೇಂದ್ರ ಸರಕಾರ ಮಣ್ಣು ಆರೋಗ್ಯ ಚೀಟಿಯ ಯೋಜನೆಯನ್ನು ಆರಂಭಿಸಿತು. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್ ಮೊದಲಾಗಿ 12 ಬಾಬುಗಳ ಲೆಕ್ಕ ಆ ಚೀಟಿಯಲ್ಲಿದೆ. ಉದ್ದೇಶ ದೊಡ್ಡದು, ಮಣ್ಣಿನ ಪರೀಕ್ಷೆ ಎಂಬ ಮಾತು ಹಳ್ಳಿಯ ಮೂಲೆಗೂ ಮುಟ್ಟಿದ್ದು ಅದರಿಂದಲೇ. ಆದರೆ ಮೊದಲ ಸುತ್ತುಗಳಲ್ಲಿ ಮಾದರಿ ತೆಗೆದದ್ದು ಚೌಕದ ಲೆಕ್ಕದಲ್ಲಿ: ನೀರಾವರಿ ನೆಲದಲ್ಲಿ 2.5 ಹೆಕ್ಟೇರಿಗೆ ಒಂದು, ಮಳೆಯಾಶ್ರಯದಲ್ಲಿ 10 ಹೆಕ್ಟೇರಿಗೆ ಒಂದು. ಎಂದರೆ ಆರು ಎಕ್ರೆಗೆ ಒಂದು, ಇಪ್ಪತ್ತೈದು ಎಕ್ರೆಗೆ ಒಂದು. ಗದಗ, ರಾಯಚೂರುಗಳ ಸಮತಟ್ಟಾದ ಎರೆನೆಲದಲ್ಲಿ ಈ ಲೆಕ್ಕ ಸಲ್ಲಬಹುದು. ನಮ್ಮ ಬಂಟ್ವಾಳದಲ್ಲಿ ಆರು ಎಕ್ರೆಯೆಂದರೆ ಒಂದು ಗುಡ್ಡದ ನೆತ್ತಿ, ಒಂದು ಇಳಿಜಾರು, ಒಂದು ಬಯಲು, ನಾಲ್ಕು ಮನೆ, ಮೂರು ಬಗೆಯ ಬೆಳೆ. ಮಾದರಿ ತೆಗೆಯುವಾತ ಎಲ್ಲಿ ಗುದ್ದಲಿ ಹಾಕಿದನೋ ಆ ಜಾಗದ ಮಟ್ಟಿಗೆ ಚೀಟಿ ನಿಜ. ಉಳಿದವರ ಪಾಲಿಗೆ ಅದು ಪಕ್ಕದ ಮನೆಯವರ ಜಾತಕವಿದ್ದಂತೆ. ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟವರನ್ನು ನಾನು ದೂರುವುದಿಲ್ಲ. ಅಷ್ಟಕ್ಕೇ ಮಣ್ಣಿನ ಪರೀಕ್ಷೆಯೇ ವ್ಯರ್ಥವೆಂದು ತೀರ್ಮಾನಿಸಿದವರೊಡನೆ ಮಾತ್ರ ನನ್ನ ಜಗಳ. ಯಾರೋ ಬಂದು ತೆಗೆದುಕೊಂಡು ಹೋಗುವ ಮಾದರಿ ನಮ್ಮ ನೆಲಕ್ಕೆ ಸಾಲದು. ತುಂಡು ತುಂಡಾಗಿ ನಾವೇ ತೆಗೆದು ಕೊಡಬೇಕು.

ನನ್ನ ಮುಂದೆ ಈಗ ಒಂದೇ ಹಿಡುವಳಿಯ ಮೂರು ವರದಿಗಳಿವೆ. ಹಿಡುವಳಿ ನಮ್ಮದೇ, ಮೂರು ಎಕ್ರೆಯನ್ನೂ ಮುಟ್ಟದ್ದು. ಮೇಲೆ ಗೇರು, ನಡುವೆ ಅಡಿಕೆ, ಕೆಳಗೆ ಒಂದಿಷ್ಟು ಗದ್ದೆ. ಗೇರಿನ ಜಾಗದ ರಸಸಾರ ಐದಕ್ಕಿಂತ ಕೆಳಗೆ. ಎಲ್ಲ ಪೋಷಕಗಳೂ ಕಡಿಮೆ. ಅಡಿಕೆಯದು ಐದರ ಮೇಲೆ ಅಲ್ಪ; ಸಾವಯವ ಇಂಗಾಲ ಹೆಚ್ಚು, ರಂಜಕ ಬಹಳ ಹೆಚ್ಚು, ಪೊಟ್ಯಾಷ್ ಕಡಿಮೆ. ಗದ್ದೆಯದು ಐದೂವರೆಯ ಹತ್ತಿರ. ರಂಜಕ ಮಧ್ಯಮ, ಕಬ್ಬಿಣ ವಿಪರೀತ. ಮೂರು ತುಂಡಿಗೂ ಒಂದೇ ಮೂಟೆಯ ಗೊಬ್ಬರವನ್ನು ಬಿಚ್ಚಿದರೆ ಒಂದು ತುಂಡಿಗೂ ನ್ಯಾಯ ಸಿಗದು.

ಅಡಿಕೆ ತೋಟದಲ್ಲಿ ರಂಜಕ ಹೆಚ್ಚಿ ಪೊಟ್ಯಾಷ್ ಇಳಿಯುವುದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನ ಕೇಂದ್ರ ಆರಂಭವಾಯಿತು; 1970ರಿಂದ ಅದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯ ಅಂಗ. ನಮ್ಮ ಬಂಟ್ವಾಳ ತಾಲೂಕಿನೊಳಗೇ ಇರುವ ಸಂಸ್ಥೆ. ಫಲ ಕೊಡುವ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕಿಲೋ ಹಸುರುಸೊಪ್ಪು, 12 ಕಿಲೋ ಹಟ್ಟಿಗೊಬ್ಬರ ಎಂಬುದು ಅಲ್ಲಿಯ ಶಿಫಾರಸು. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಸುಮಾರು 220 ಗ್ರಾಂ ಯೂರಿಯ, 200 ಗ್ರಾಂ ರಾಕ್ ಫಾಸ್ಫೇಟ್, 235 ಗ್ರಾಂ ಮ್ಯುರಿಯೇಟ್ ಆಫ್ ಪೊಟ್ಯಾಷ್. ಮೂರು ಮೂಟೆ ತಂದು ತೂಗಿ ಬೆರೆಸುವ ತೊಂದರೆ ಏಕೆಂದು ನಾವು 15:15:15ರ ಒಂದೇ ಮೂಟೆಯನ್ನು ತರುತ್ತೇವೆ. ಅದರಿಂದ 140 ಗ್ರಾಂ ಪೊಟ್ಯಾಷ್ ಸಿಗಬೇಕಾದರೆ ಮರಕ್ಕೆ 930 ಗ್ರಾಂ ಹಾಕಬೇಕು. ಹಾಗೆ ಹಾಕಿದಾಗ ರಂಜಕವೂ 140 ಗ್ರಾಂ ಬೀಳುತ್ತದೆ. ಬೇಕಾದದ್ದು 40. ಮರವೊಂದಕ್ಕೆ 100 ಗ್ರಾಂ ಹೆಚ್ಚು. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕ್ರೆಗೆ ಸುಮಾರು 540 ಮರ. ವರ್ಷಕ್ಕೆ 54 ಕಿಲೋ ರಂಜಕ ಬೇಡವಾದ ಕಡೆ ಬಿದ್ದಿತು. ಹತ್ತು ವರ್ಷಕ್ಕೆ ಅರ್ಧ ಟನ್ನಿಗೂ ಮಿಗಿಲು. ರಂಜಕ ಮಳೆಗೆ ಸುಲಭವಾಗಿ ತೊಳೆದುಹೋಗುವಂಥದಲ್ಲ. ಕೂಡಿ ಕುಳಿತು, ಗಿಡಕ್ಕೆ ಸತು ದೊರೆಯದಂತೆ ಬೇರೆ ಅಡ್ಡಿಪಡಿಸುತ್ತದೆ. ಖರ್ಚು ಹೆಚ್ಚಾಯಿತೆಂದು ಅದೇ ಮೂಟೆಯ ಗೊಬ್ಬರವನ್ನು ಮರಕ್ಕೆ ಕಾಲು ಕಿಲೋಗೆ ಇಳಿಸಿದರೆ ರಂಜಕ ಸರಿಹೋಗುತ್ತದೆ, ಪೊಟ್ಯಾಷ್ ನೂರು ಗ್ರಾಂ ಕೊರೆ ಬೀಳುತ್ತದೆ. ಉಪ್ಪಿಲ್ಲದ ಸಾರಿಗೆ ಬೇಳೆ ಹೆಚ್ಚಿಸಿ ಏನು ಪ್ರಯೋಜನ? ಯಾವುದು ಎಲ್ಲಕ್ಕಿಂತ ಕೊರೆಯಾಗಿದೆಯೋ ಅದೇ ಬೆಳೆಯ ಎತ್ತರವನ್ನು ನಿರ್ಣಯಿಸುತ್ತದೆಂದು ಜರ್ಮನಿಯ ಲೀಬಿಗ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸಾರಿದ. ಯಾವುದು ಕೊರೆ ಎಂದು ತಿಳಿಯುವುದಕ್ಕೆ ಕಣ್ಣು ಸಾಲದು. ಎಲೆ ಹಳದಿಯಾಗುವ ಹೊತ್ತಿಗೆ ಎರಡು ಫಸಲು ಹೋಗಿರುತ್ತದೆ.

ಒಮ್ಮೆ ಮದುವೆಮನೆಯ ಪಂಕ್ತಿಯಲ್ಲಿ ಈ ಮಾತು ಬಂದಾಗ ಪಕ್ಕದಲ್ಲಿ ಕುಳಿತಿದ್ದ ಹಿರಿಯ ಕೃಷಿಕರೊಬ್ಬರು, 'ಅಲ್ಲ ಮಾಷ್ಟ್ರೇ, ನಮ್ಮ ಅಜ್ಜಂದಿರು ಯಾವ ಲ್ಯಾಬಿಗೆ ಮಣ್ಣು ಕೊಂಡುಹೋಗಿದ್ದರು? ಅವರಿಗೆ ಅಡಿಕೆ ಆಗಲಿಲ್ಲವಾ?' ಎಂದು ಕೇಳಿದರು. ಪ್ರಶ್ನೆ ತೂಕವುಳ್ಳದ್ದು. ನಗಾಡಿ ತೇಲಿಸಿಬಿಡತಕ್ಕದ್ದಲ್ಲ.

ಅಜ್ಜಂದಿರ ತೋಟದ ಬೆನ್ನಿಗೆ ಕುಮ್ಕಿಯಿತ್ತು. ವರ್ಗ ಜಮೀನಿನ ಅಂಚಿನಿಂದ ಸುಮಾರು ನೂರು ಗಜದೊಳಗಿನ ಸರಕಾರಿ ನೆಲದಲ್ಲಿ ಸೊಪ್ಪು, ಸೌದೆ ತೆಗೆಯುವ ಆ ಸೌಕರ್ಯ ನಮ್ಮ ಜಿಲ್ಲೆಯ ವಿಶೇಷ. ಒಂದು ಎಕ್ರೆ ತೋಟವನ್ನು ಸಾಕುವುದಕ್ಕೆ ಹಲವು ಎಕ್ರೆ ಗುಡ್ಡ ದುಡಿಯುತ್ತಿತ್ತು. ಸೊಪ್ಪು ಹಟ್ಟಿಗೆ ಬಿದ್ದು, ದನಗಳ ಕಾಲಡಿ ಕಳಿತು, ಗೊಬ್ಬರವಾಗಿ ಬುಡ ಸೇರುತ್ತಿತ್ತು. ಅಡುಗೆಮನೆಯಲ್ಲಿ ಒಂದು ಒಲೆ, ಬಚ್ಚಲಲ್ಲಿ ಒಂದು, ಭತ್ತ ಬೇಯಿಸುವುದಕ್ಕೆ ಅಂಗಳದಲ್ಲಿ ಇನ್ನೊಂದು, ವರ್ಷವಿಡೀ ಬೂದಿ. ಅದರ ಮೇಲೆ ತರಗೆಲೆ, ಕಸ, ಮಣ್ಣು ಒಟ್ಟಿ ಹೊಗೆಯಾಡಿಸಿ ಮಾಡಿದ ಸುಡುಮಣ್ಣು. ಬೂದಿಯಲ್ಲಿ ಇರುವುದೇನು? ಸುಣ್ಣ ಮತ್ತು ಪೊಟ್ಯಾಷ್. ಮಳೆ ತೊಳೆದುಕೊಂಡು ಹೋದ ಎರಡು ವಸ್ತುಗಳನ್ನು ಗುಡ್ಡದ ಮರಗಳು ಆಳದಿಂದ ಎತ್ತಿ ಎಲೆಗೆ, ಕೊಂಬೆಗೆ ತಂದಿದ್ದವು. ಒಲೆ ಅದನ್ನು ಬೂದಿ ಮಾಡಿ ಬುಡಕ್ಕೆ ಕೊಟ್ಟಿತು. ಅಜ್ಜಂದಿರು ಸುಣ್ಣ ಹಾಕುತ್ತಲೇ ಇದ್ದರು, ಹೆಸರು ಬೇರೆ. ಇಂದು ಅಡುಗೆಗೆ ಗ್ಯಾಸು ಬಂದಿದೆ. ಅದು ಬರಬೇಕಾದದ್ದೇ, ಹೊಗೆಯಲ್ಲಿ ಕಣ್ಣು ಕಳೆದುಕೊಂಡ ಹೆಂಗಸರ ಕಷ್ಟವನ್ನು ಬಲ್ಲವರು ಅದನ್ನು ಆಕ್ಷೇಪಿಸಲಾರರು. ಹಟ್ಟಿಗಳು ಬರಿದಾಗಿವೆ. ಬೆಳ್ತಂಗಡಿಯ ಗುಡ್ಡಗಳಿಗೆ ರಬ್ಬರು ಹತ್ತಿದೆ. ಸೊಪ್ಪು ಕಡಿಯುವ ಜನವಿಲ್ಲ. 1976ರಲ್ಲಿ ಪಣಂಬೂರಿನ ಕಾರ್ಖಾನೆ ಗೊಬ್ಬರ ತಯಾರಿಸತೊಡಗಿದ ಮೇಲೆ ಯೂರಿಯ ಮನೆಬಾಗಿಲಿಗೆ ಬಂದಿತು. ಯೂರಿಯ, ಅಮೋನಿಯಂ ಸಲ್ಫೇಟ್‌ಗಳು ಸ್ವಭಾವತಃ ಹುಳಿ ಹೆಚ್ಚಿಸುವಂಥವು. 100 ಕಿಲೋ ಅಮೋನಿಯಂ ಸಲ್ಫೇಟ್ ಹುಟ್ಟಿಸುವ ಹುಳಿಯನ್ನು ಕಳೆಯುವುದಕ್ಕೆ ಸುಮಾರು 110 ಕಿಲೋ ಸುಣ್ಣಕಲ್ಲಿನ ಪುಡಿ ಬೇಕು. ಹುಳಿ ಏರಿಸುವ ವಸ್ತು ಬಂದಿತು, ಇಳಿಸುವ ಬೂದಿ ನಿಂತಿತು. ಆ ಹಿರಿಯರಿಗೆ ನಾನು ಹೇಳಿದ್ದು ಇದನ್ನೇ. ಪಾಯಸ ಬರುವವರೆಗೂ ಅವರು ಏನೂ ಹೇಳಲಿಲ್ಲ; ಕೈ ತೊಳೆಯುವಾಗ, 'ಮಾದರಿ ಎಷ್ಟು ಆಳದಿಂದ ತೆಗೆಯಬೇಕು?' ಎಂದು ಕೇಳಿದರು.

ಅದನ್ನು ಹೇಳುವ ಮೊದಲು ಸುಣ್ಣದ ಪ್ರಮಾಣದ ಕುರಿತು ಒಂದು ಮಾತು. ರಸಸಾರ ಒಂದೇ ಇದ್ದ ಮಾತ್ರಕ್ಕೆ ಎರಡು ಮಣ್ಣಿಗೆ ಒಂದೇ ಅಳತೆಯ ಸುಣ್ಣ ಬೇಕಾಗುವುದಿಲ್ಲ. ಹುಣಿಸೆ ಕಿವುಚಿದ ನೀರಿನ ಹುಳಿ ಬೇರೆ, ತಳದಲ್ಲಿ ಕುಳಿತ ಹುಣಿಸೆ ಉಂಡೆಯ ಹುಳಿ ಬೇರೆ. ನೀರನ್ನು ಚೆಲ್ಲಿ ಹೊಸ ನೀರು ಹೊಯ್ದರೆ ಉಂಡೆ ಅದನ್ನೂ ಹುಳಿ ಮಾಡುತ್ತದೆ. ರಸಸಾರ ತೋರಿಸುವುದು ನೀರಿನ ಹುಳಿಯನ್ನು. ಜೇಡಿಯಲ್ಲಿ, ಕಳಿತ ಸೊಪ್ಪಿನಲ್ಲಿ ಅಡಗಿದ ಹುಳಿಯ ದಾಸ್ತಾನು ಅದರಿಂದ ತಿಳಿಯದು. ಶೂಮೇಕರ್, ಮೆಕ್‌ಲೀನ್, ಪ್ರಾಟ್ ಎಂಬ ಮೂವರು 1961ರಲ್ಲಿ ಇದಕ್ಕೊಂದು ಉಪಾಯ ಪ್ರಕಟಿಸಿದರು. ರಸಸಾರ 7.5 ಇರುವ ಒಂದು ದ್ರಾವಣವನ್ನು ಮಣ್ಣಿಗೆ ಸೇರಿಸಿ, ಮಣ್ಣು ಅದನ್ನು ಎಷ್ಟು ಕೆಳಗೆ ಎಳೆಯುತ್ತದೆಂದು ನೋಡುವುದು. ಎಳೆತ ಜೋರಾದಷ್ಟು ಸುಣ್ಣ ಹೆಚ್ಚು. ಪರೀಕ್ಷೆಗೆ ಕೊಡುವಾಗ 'ಸುಣ್ಣದ ಅಗತ್ಯವನ್ನೂ ನೋಡಿ' ಎಂದು ಬಾಯಿಬಿಟ್ಟು ಕೇಳಬೇಕು. ಎಲ್ಲ ಚೀಟಿಗಳಲ್ಲಿ ಅದು ತಾನಾಗಿ ಬರುವುದಿಲ್ಲ. ರಂಜಕದ ಪರೀಕ್ಷೆಗೂ ಎರಡು ವಿಧಾನಗಳಿವೆ. ಹುಳಿಮಣ್ಣಿಗೆ ಸಲ್ಲುವುದು ಬ್ರೇ ವಿಧಾನ, ಕ್ಷಾರಮಣ್ಣಿಗೆ ಓಲ್ಸೆನ್ ವಿಧಾನ. ನಮ್ಮದು ಯಾವುದರಿಂದ ಆಯಿತೆಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಪರೀಕ್ಷೆ ಬೇಕೆಂದು ಹೇಳಿದರೆ ಸುಣ್ಣವೂ ಬೇಕೆಂದು ಬಂದಾಗ ಅಡಿಕೆಗೆ ಮರಕ್ಕೆ ಅರ್ಧ ಕಿಲೋದಂತೆ, ಎರಡು ಮೂರು ವರ್ಷಕ್ಕೊಮ್ಮೆ ಎಂಬುದು ಸಾಮಾನ್ಯ ಪ್ರಮಾಣ. ಯಾವ ಸುಣ್ಣ? 100 ಕಿಲೋ ಸುಣ್ಣಕಲ್ಲಿನ ಪುಡಿ ಮಾಡುವ ಕೆಲಸವನ್ನು 92 ಕಿಲೋ ಡೋಲೋಮೈಟ್, 74 ಕಿಲೋ ಅರಳಿದ ಸುಣ್ಣ, 56 ಕಿಲೋ ಸುಟ್ಟ ಸುಣ್ಣ ಮಾಡುತ್ತವೆ, ಎಲ್ಲವೂ ಶುದ್ಧವಾಗಿದ್ದರೆ. ಮರುವಾಯಿ ಚಿಪ್ಪನ್ನು ಸುಟ್ಟ ಸುಣ್ಣವೂ ಈ ಕೊನೆಯ ಜಾತಿಯೇ. ಡೋಲೋಮೈಟಿನಲ್ಲಿ ಮೆಗ್ನೀಷಿಯಂ ಇರುವುದರಿಂದ ನಮ್ಮ ತೊಳೆದ ಮಣ್ಣಿಗೆ ನಾನು ಅದನ್ನೇ ಮೆಚ್ಚುತ್ತೇನೆ. ಬೇಸಗೆಯ ಕೊನೆಗೆ, ಮಣ್ಣಿನಲ್ಲಿ ಸ್ವಲ್ಪ ತೇವವಿರುವಾಗ, ಬುಡದ ಸುತ್ತ ಹರಡಿ ಕೆದಕಿ ಬೆರೆಸಬೇಕು, ರಾಶಿ ಹಾಕಬಾರದು. ಸುಣ್ಣವನ್ನೂ ಯೂರಿಯವನ್ನೂ ಒಟ್ಟಿಗೆ ಹಾಕಿದರೆ ಸಾರಜನಕ ಮೂಗಿಗೆ ಬಡಿಯುವ ವಾಸನೆಯಾಗಿ ಗಾಳಿಗೆ ಹೋಗುತ್ತದೆ; ನಡುವೆ ಎರಡು ಮೂರು ವಾರ ಬಿಡಬೇಕು. ರಾಕ್ ಫಾಸ್ಫೇಟಿನ ಕಥೆ ತಿರುಗುಮುರುಗು. ಅದು ಕರಗುವುದಕ್ಕೆ ಹುಳಿಯೇ ಬೇಕು, ಆದುದರಿಂದ ಸುಣ್ಣದೊಡನೆ ಅದನ್ನೂ ಹಾಕುವಂತಿಲ್ಲ. ಅತಿಯಾಗಿ ಸುಣ್ಣ ಸುರಿದವರ ತೋಟದಲ್ಲಿ ಸತು, ಬೋರಾನ್‌ಗಳು ಗಿಡಕ್ಕೆ ಸಿಗದೆ ಹೊಸ ರೋಗ ಬಂದಂತೆ ತೋರುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಮೇಲಿಂದ ಮೇಲೆ ಕೇಳಿದ್ದೇನೆ. ಕೊಳೆರೋಗಕ್ಕೆ ಮದ್ದು ಬಿಡುವಾಗ ಸುಣ್ಣ ಬೀಳುತ್ತದಲ್ಲ, ಮತ್ತೆ ಬೇರೆ ಏಕೆ? ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆ ಸುಣ್ಣದ ಒಂದಂಶ ಮೈಲುತುತ್ತಿನ ಹುಳಿಯನ್ನು ಕಳೆಯುವುದರಲ್ಲಿ ತೀರಿ, ಮಣ್ಣಿನ ಹುಳಿಯನ್ನು ಕಳೆಯಲಾರದ ಜಿಪ್ಸಂ ಆಗಿಬಿಡುತ್ತದೆ. ಉಳಿದದ್ದು ಇಡೀ ತೋಟಕ್ಕೆ ಹಂಚಿಹೋಗುವ ಅಲ್ಪ ಪ್ರಮಾಣ. ಆದರೆ ತಾಮ್ರ ಉಳಿದು ವರ್ಷ ವರ್ಷವೂ ಕೂಡುತ್ತದೆ, ಹುಳಿ ಹೆಚ್ಚಿದಷ್ಟೂ ಕರಗಿ ಬೇರಿಗೆ ತಾಗುತ್ತದೆ. ನನಗೆ ಸೋಜಿಗವೆನಿಸುವುದು ಬೇರೆಯೇ. ಮಳೆಗಾಲದ ಮುಂಚೆ ಬೋರ್ಡೋ ಕಲಸಿದ ಪ್ರತಿಯೊಬ್ಬ ಕೃಷಿಕನೂ ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ, ತಾಮ್ರದ ಕೆಂಪು ಹತ್ತಿತೇ ಎಂದು ನೋಡಿ, ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸುತ್ತಾನೆ. ಇದು ಆಮ್ಲಪರೀಕ್ಷೆಯಲ್ಲದೆ ಮತ್ತೇನು? ಮರದ ನೆತ್ತಿಗೆ ಮಾಡುವ ಪರೀಕ್ಷೆಯನ್ನು ಬುಡಕ್ಕೂ ಮಾಡಿ ಎಂದಷ್ಟೇ ನಾನು ಹೇಳುತ್ತಿರುವುದು.

ಗದ್ದೆಯ ವಿಷಯ ಸ್ವಲ್ಪ ಭಿನ್ನ. ಹುಳಿಮಣ್ಣಿನ ಗದ್ದೆಯಲ್ಲಿ ನೀರು ಕಟ್ಟಿ ನಿಲ್ಲಿಸಿದರೆ ಕೆಲವು ವಾರಗಳಲ್ಲಿ ರಸಸಾರ ತಾನಾಗಿ ಏರಿ 6.5ರ ಆಸುಪಾಸಿಗೆ ಬರುತ್ತದೆ. ಆದುದರಿಂದ ಒಣಗಿದ ಮಾದರಿಯ ಅಂಕೆಯನ್ನು ಕಂಡು ಬಯಲಿನಲ್ಲಿ ಗಾಬರಿಪಡಬೇಕಾದ್ದಿಲ್ಲ. ಅಲ್ಲಿಯ ಕಷ್ಟ ಕಬ್ಬಿಣದ್ದು. ನಿಂತ ನೀರಿನ ಮೇಲೆ ಎಣ್ಣೆಯಂಥ ಕೆಂಪು ಕೆನೆ ಕಾಣಿಸಿದರೆ ಅದೇ ಗುರುತು. ನೀರು ಬಸಿದು ಹೋಗುವಂತೆ ಮಾಡುವುದು, ಬೇಕಿದ್ದರೆ ಸುಣ್ಣ ಕೊಡುವುದು ಅದಕ್ಕೆ ಪರಿಹಾರ. ಈಗ ಬಯಲು ಗದ್ದೆಗಳೆಲ್ಲ ಕಣಿ ತೋಡಿಸಿಕೊಂಡು ಅಡಿಕೆ ತೋಟಗಳಾಗುತ್ತಿವೆ. ನೀರು ಇಳಿದೊಡನೆ ಅಡಗಿದ್ದ ಹುಳಿ ಮರಳಿ ಬರುತ್ತದೆ. ಗದ್ದೆಯಾಗಿದ್ದಾಗಿನ ಚೀಟಿ ತೋಟಕ್ಕೆ ಸಲ್ಲದು. ಸಸಿ ನೆಡುವ ಮೊದಲೇ ಹೊಸತಾಗಿ ಪರೀಕ್ಷೆ ಮಾಡಿಸಬೇಕು. 2019ರ ಆಗಸ್ಟಿನ ನೆರೆಯಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ತೋಟಗಳ ಮೇಲೆ ಮರಳು, ಕಲ್ಲು ಬಂದು ಕುಳಿತವು. ಅವರ ನೆಲವೂ ಹಿಂದಿನ ನೆಲವಲ್ಲ.

ಮಣ್ಣಿನ ಪರೀಕ್ಷೆಗೆ ಎಲ್ಲವೂ ತಿಳಿಯುವುದಿಲ್ಲವೆಂಬುದನ್ನೂ ಹೇಳಿಬಿಡಬೇಕು. ನಮ್ಮ ಮಳೆಯಲ್ಲಿ ಸಾರಜನಕದ ಅಂಕೆ ವಾರಕ್ಕೊಮ್ಮೆ ಬದಲಾಗುವಂಥದು. ಅದನ್ನು ಅಂದಾಜೆಂದೇ ಓದಬೇಕು. ರಸಸಾರ, ರಂಜಕ, ಪೊಟ್ಯಾಷ್‌ಗಳ ಅಂಕೆಗೆ ಬೆಲೆ ಹೆಚ್ಚು. ಅಡಿಕೆಯ ಹಳದಿ ಎಲೆ ರೋಗ ಗೊಬ್ಬರದ ಕೊರತೆಯಿಂದ ಬಂದದ್ದಲ್ಲ. ಹಳದಿ ಕಂಡಲ್ಲೆಲ್ಲ ಮೂಟೆ ಬಿಚ್ಚಿದರೆ ಕಾಸು ಕಳೆದೀತು, ರೋಗ ಉಳಿದೀತು.

ಇನ್ನು ಮಾದರಿ. ಗೊಬ್ಬರ ಹಾಕಿ ಮೂರು ತಿಂಗಳಾದರೂ ಕಳೆದಿರಬೇಕು. ಕೊಯ್ಲು ಮುಗಿದ ಮೇಲಿನ ಒಣ ತಿಂಗಳು ಒಳ್ಳೆಯ ಸಮಯ. ಬೆಟ್ಟು, ಮಜಲು, ಬಯಲುಗಳಿಗೆ ಬೇರೆ ಬೇರೆ ಮಾದರಿ. ಬೆಳೆ ಬೇರೆಯಾದಲ್ಲಿಯೂ ಬೇರೆ. ಒಂದೊಂದು ತುಂಡಿನಲ್ಲಿ ಅಡ್ಡಾದಿಡ್ಡಿ ನಡೆದು ಹತ್ತು ಹದಿನೈದು ಕಡೆ ಮೇಲಿನ ತರಗೆಲೆ ಸರಿಸಿ, ಗದ್ದೆಯಾದರೆ ಒಂದು ಗೇಣಿಗೆ ತುಸು ಕಡಿಮೆ, ಎಂದರೆ 15 ಸೆಂಟಿಮೀಟರು ಆಳಕ್ಕೆ 'ವಿ' ಆಕಾರದ ಗುಂಡಿ ತೋಡಿ, ಅದರ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಸಮವಾಗಿ ಒಂದು ಪದರ ಕೆರೆದು ತೆಗೆಯಬೇಕು. ಅಡಿಕೆ, ತೆಂಗುಗಳಲ್ಲಿ ಗೊಬ್ಬರ ಹಾಕುವ ವೃತ್ತದೊಳಗೆ 30 ಸೆಂಟಿಮೀಟರಿನವರೆಗೆ ಒಂದು, ಅಲ್ಲಿಂದ 60ರವರೆಗೆ ಇನ್ನೊಂದು ಎಂದು ಪ್ರತ್ಯೇಕ ಮಾಡಬೇಕು. ಬದುವಿನ ಮೇಲೆ, ಗೊಬ್ಬರಗುಂಡಿಯ ಬಳಿ, ಸುಡುಮಣ್ಣು ಹಾಕಿದ ಜಾಗದಲ್ಲಿ ತೆಗೆಯಬಾರದು. ಸತುವಿನ ಲೇಪದ ಬಾಲ್ದಿ, ಗೊಬ್ಬರದ ಖಾಲಿ ಚೀಲ ಎರಡೂ ವರ್ಜ್ಯ. ಪ್ಲಾಸ್ಟಿಕ್ ಬಾಲ್ದಿ ಸಾಕು. ಎಲ್ಲವನ್ನೂ ಬೆರೆಸಿ, ಹರಡಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಸಾಡಿ, ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ ಮುಂದುವರಿಸಿ, ನೆರಳಿನಲ್ಲಿ ಒಣಗಿಸಿ ಬಟ್ಟೆಯ ಚೀಲಕ್ಕೆ ತುಂಬಬೇಕು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ವಿಚಾರಿಸಿದರೆ ಎಲ್ಲಿ ಕೊಡಬೇಕೆಂದು ತಿಳಿಸುತ್ತಾರೆ.

ಚೀಲದೊಳಗಿನ ಚೀಟಿಯಲ್ಲಿ ಸರ್ವೆ ನಂಬರು ಬರೆಯಲು ಹೇಳುತ್ತಾರೆ, ಬರೆಯಿರಿ. ಆದರೆ ನಮ್ಮ ಒಂದು ಸರ್ವೆ ನಂಬರಿನೊಳಗೆ ಗುಡ್ಡವೂ ಬಯಲೂ ಸೇರಿಕೊಂಡಿರುವುದುಂಟು. ಅದರ ಪಕ್ಕದಲ್ಲಿ ಮನೆಯವರು ಆ ತುಂಡನ್ನು ಕರೆಯುವ ಹೆಸರನ್ನೂ, ಬಾಕಿಮಾರು ಎಂದೋ ಪಟ್ಲದ ಗದ್ದೆ ಎಂದೋ ಮೇಲಿನ ತೋಟ ಎಂದೋ, ತಪ್ಪದೆ ಬರೆಯಿರಿ. ಮೂರು ವರ್ಷ ಕಳೆದು ಎರಡನೆಯ ವರದಿ ಬಂದಾಗ, ಯಾವ ಅಂಕೆಯನ್ನು ಯಾವುದರೊಡನೆ ಹೋಲಿಸಬೇಕೆಂದು ನಿಮ್ಮ ಮಕ್ಕಳಿಗೆ ಆ ಹೆಸರಿನಿಂದಲೇ ಗೊತ್ತಾಗುತ್ತದೆ.